ಮದರ್‌ಬೋರ್ಡ್ ಬದಲಿಸಿದ ಮೇಲೆ ಸರ್ವರ್ ಏಳದಿದ್ದರೆ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಮಂಗಳೂರು, ಉಡುಪಿ ಭಾಗದ ಸಣ್ಣ ಕಚೇರಿಗಳಲ್ಲಿ ಸರ್ವರ್‌ನ ಮದರ್‌ಬೋರ್ಡ್ ಕೆಡುವುದಕ್ಕೆ ಕಾಲವೂ ಒಂದು ಕಾರಣ. ಮುಂಗಾರಿನ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಮತ್ತು ಮಳೆಗಾಲ ಮುಗಿಯುವ ಅಕ್ಟೋಬರ್‌ನಲ್ಲಿ ಸಿಡಿಲು ಬಡಿಯುತ್ತದೆ. ನಡುವಿನ ತಿಂಗಳುಗಳಲ್ಲಿ ಉಪ್ಪು ಬೆರೆತ ತೇವದ ಗಾಳಿ ಲೋಹದ ತುದಿಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ಸರ್ವರ್‌ಗೆ ಹೊಂದುವ ಬೋರ್ಡ್ ಊರಿನ ಅಂಗಡಿಯಲ್ಲಿ ಸಿಗುವುದು ಅಪರೂಪವಾದ್ದರಿಂದ ಅದನ್ನು ಹೆಚ್ಚಾಗಿ ಬೆಂಗಳೂರಿನಿಂದ ತರಿಸಬೇಕಾಗುತ್ತದೆ. ಹಾಗೆ ಕಾದು ತರಿಸಿದ ಬೋರ್ಡನ್ನು ಕೂರಿಸಿ ಗುಂಡಿ ಒತ್ತಿದಾಗ ಯಂತ್ರ ಏಳದಿದ್ದರೆ, ಬಂದ ಬೋರ್ಡೇ ಕೆಟ್ಟಿದೆ ಎಂದು ತೀರ್ಮಾನಿಸಿ ಅದನ್ನು ವಾಪಸ್ ಕಳಿಸಲು ಹೊರಡುವವರೇ ಹೆಚ್ಚು. ಅಷ್ಟು ಅವಸರ ಬೇಡ. ಇಂಥ ಸಂದರ್ಭದಲ್ಲಿ ದೋಷ ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ: ಬಿಚ್ಚಿ ಜೋಡಿಸುವಾಗ ನಮ್ಮ ಕೈ ತಾಗಿದ ಜಾಗದಲ್ಲಿ, ಇಲ್ಲವೇ ಹಳೆಯ ಬೋರ್ಡಿನ ನೆನಪಿನಲ್ಲಿದ್ದು ಹೊಸದಕ್ಕೆ ಬಾರದ ಸೆಟ್ಟಿಂಗ್‌ಗಳಲ್ಲಿ.

ಈ ಎರಡನ್ನು ಬೇರ್ಪಡಿಸಲು ಒಂದು ಪ್ರಶ್ನೆ ಸಾಕು. ತಯಾರಕರ ಲಾಂಛನ ಅಥವಾ ಬಯೋಸ್ (ಯಂತ್ರವನ್ನು ಮೊದಲು ಎಬ್ಬಿಸುವ, ಬೋರ್ಡಿನದೇ ತಂತ್ರಾಂಶ) ಪರದೆ ಮೂಡುತ್ತದೆಯೇ? ಮೂಡದಿದ್ದರೆ ದೋಷ ವಿದ್ಯುತ್, ಜೋಡಣೆ, ಮೆಮೊರಿ, ಪ್ರೊಸೆಸರ್ ಈ ನಾಲ್ಕರೊಳಗೆ ಇರುವುದೇ ಹೆಚ್ಚು, ಡಿಸ್ಕಿನ ಗೊಡವೆಗೆ ಹೋಗಬೇಕಿಲ್ಲ. ಮೂಡಿದ ಮೇಲೆ ನಿಂತಿದ್ದರೆ ಬೋರ್ಡ್ ಬಹುಮಟ್ಟಿಗೆ ಸರಿಯಿದೆ. ಸ್ಕ್ರೂಡ್ರೈವರ್ ಕೆಳಗಿಟ್ಟು ಕೀಬೋರ್ಡ್ ಹಿಡಿಯಬಹುದು.

ಕೆಲಸಕ್ಕೆ ಮುನ್ನ

ಸರ್ವರ್‌ನಲ್ಲಿ ಎರಡು ಪವರ್ ಸಪ್ಲೈ ಇದ್ದರೆ ಎರಡೂ ತಂತಿಗಳನ್ನು ಗೋಡೆಯ ಕಡೆಯಿಂದ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಅರ್ಧ ನಿಮಿಷ ಕಾದ ನಂತರವೇ ಒಳಗೆ ಕೈ ಹಾಕಬೇಕು. ಯುಪಿಎಸ್‌ನ ಸ್ವಿಚ್ ಆರಿಸಿದರೆ ಸಾಕೆಂದು ತಿಳಿಯಬಾರದು, ಅದರ ಬ್ಯಾಟರಿ ಒಳಗೆ ಜೀವಂತವಾಗಿಯೇ ಇರುತ್ತದೆ. ಪವರ್ ಸಪ್ಲೈ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಕೂಡದು. ತಂತಿ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಮಳೆಗಾಲದ ತೇವದಲ್ಲಿ ಸ್ಥಾಯಿ ವಿದ್ಯುತ್ತಿನ ಭಯ ಕಡಿಮೆ ಎಂಬುದು ನಿಜವಾದರೂ ಹಗಲಿಡೀ ಎಸಿ ಓಡುವ ಕೋಣೆಯ ಗಾಳಿ ಒಣಗಿರುತ್ತದೆ. ಹಾಗಾಗಿ ಮಣಿಕಟ್ಟಿನ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳಿ, ಅದಿಲ್ಲದಿದ್ದರೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಆಗಾಗ ಮುಟ್ಟುತ್ತಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಡಿಸ್ಕ್. ಬೋರ್ಡಿಗೆ ಹೆಚ್ಚೆಂದರೆ ಹಣ ಹೋದೀತು, ಕಚೇರಿಯ ಹತ್ತು ವರ್ಷದ ಲೆಕ್ಕಪತ್ರ ಹೋದರೆ ತರಿಸಿಕೊಡುವವರಿಲ್ಲ. ಪ್ರತಿ ಡಿಸ್ಕಿನ ಮೇಲೆ ಅದು ಎಷ್ಟನೇ ಕಿಂಡಿಯಲ್ಲಿತ್ತು ಎಂದು ಕಾಗದದ ಪಟ್ಟಿ ಅಂಟಿಸಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಬಯೋಸ್ ಪರದೆ ಸ್ಥಿರವಾಗಿ ಬರುವ ತನಕ ಡಿಸ್ಕುಗಳನ್ನು ಕಿಂಡಿಯಲ್ಲೇ ಒಂದು ಅಂಗುಲ ಹೊರಗೆಳೆದು ಬಿಡಿ. ಆ ಮೇಲೂ ಪರದೆಯಲ್ಲಿ ‘ಇನಿಶಿಯಲೈಸ್’, ‘ಕ್ಲಿಯರ್’, ‘ಫಾರ್ಮ್ಯಾಟ್’ ಎಂಬ ಪದಗಳಲ್ಲಿ ಯಾವುದು ಕಂಡರೂ ಒಪ್ಪಿಗೆ ಕೊಡಬಾರದು.

ಲಕ್ಷಣ: ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ

ಮೊದಲು ಕಾಯಿರಿ. ದೂರದಿಂದ ನಿಯಂತ್ರಿಸಲು ಸರ್ವರ್ ಬೋರ್ಡಿನ ಮೇಲೆ ಬಿಎಂಸಿ ಎಂಬ ಪ್ರತ್ಯೇಕ ಚಿಪ್ ಇರುತ್ತದೆ. ತಂತಿ ಚುಚ್ಚಿದ ಕೂಡಲೇ ಮೊದಲು ಎಚ್ಚರಗೊಳ್ಳುವುದು ಅದು. ಒಂದೆರಡು ನಿಮಿಷ ಹಿಡಿಯುವ ಈ ಹೊತ್ತಿನಲ್ಲಿ ಹಲವು ಮಾದರಿಗಳು ಪವರ್ ಗುಂಡಿಗೆ ಓಗೊಡುವುದಿಲ್ಲ. ಮನೆಯ ಕಂಪ್ಯೂಟರಿಗೆ ಒಗ್ಗಿದ ಕೈ ಅಷ್ಟರೊಳಗೆ ಹತ್ತು ಸಲ ಗುಂಡಿ ಒತ್ತಿರುತ್ತದೆ.

ಕಾದರೂ ಪ್ರಯೋಜನವಾಗದಿದ್ದರೆ ಅದೇ ಪ್ಲಗ್ಗಿಗೆ ಮೇಜಿನ ದೀಪ ಚುಚ್ಚಿ ಕರೆಂಟು ಇರುವುದನ್ನು ಖಚಿತಪಡಿಸಿಕೊಂಡು, ಪವರ್ ಸಪ್ಲೈ ಹಿಂದಿನ ದೀಪವನ್ನೂ ಬೋರ್ಡಿನ ಮೇಲಿನ ಸಣ್ಣ ಸ್ಟ್ಯಾಂಡ್‌ಬೈ ದೀಪವನ್ನೂ ಗಮನಿಸಿ. ಬೋರ್ಡಿನ ದೀಪ ಉರಿಯುತ್ತಿದ್ದೂ ಗುಂಡಿ ಕೆಲಸ ಮಾಡದಿದ್ದರೆ ಮುಂಭಾಗದ ಗುಂಡಿಯ ತಂತಿ ತಪ್ಪು ಪಿನ್ನಿಗೆ ಸೇರಿರುವ ಸಂಭವ ಹೆಚ್ಚು. ಬೋರ್ಡಿನ ಕೈಪಿಡಿಯ ಚಿತ್ರ ನೋಡಿ ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಗುರುತಿಸಿ, ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಕಾಲ ಅವೆರಡನ್ನು ಮಾತ್ರ ಕೂಡಿಸಿದಾಗ ಯಂತ್ರ ಎದ್ದರೆ ದೋಷ ತಂತಿಯದೇ ಎಂದಾಯಿತು. ಬ್ರಾಂಡೆಡ್ ಸರ್ವರ್‌ಗಳಲ್ಲಿ ಇಂಥ ಬಿಡಿ ಪಿನ್‌ಗಳು ಸಾಮಾನ್ಯವಾಗಿ ಇರುವುದಿಲ್ಲ, ಮುಂಭಾಗದ ಪಟ್ಟಿಗೆ ಹೋಗುವ ಅಗಲ ಕೇಬಲ್ ಎರಡು ತುದಿಯಲ್ಲೂ ಕೂತಿದೆಯೇ ಎಂದು ನೋಡಿದರೆ ಸಾಕು. ಇತರ ಕಾರ್ಡುಗಳನ್ನು ಅಡ್ಡಲಾಗಿ ಕೂರಿಸುವ ರೈಸರ್ ಕಾರ್ಡ್ ಪೂರ್ತಿ ಕೂರದಿದ್ದರೂ ಕೆಲವು ಮಾದರಿಗಳು ಏಳಲು ನಿರಾಕರಿಸುತ್ತವೆ.

ಯಾವ ದೀಪವೂ ಇಲ್ಲದಿದ್ದರೆ ಪವರ್ ಸಪ್ಲೈಯನ್ನೇ ಶಂಕಿಸಬೇಕು. ಹಳೆಯ ಬೋರ್ಡ್ ಸಿಡಿಲಿಗೆ ಸತ್ತಿದ್ದರೆ ಅದೇ ಏಟು ಇದಕ್ಕೂ ಬಿದ್ದಿರಬಹುದು. ಎರಡು ಇದ್ದಲ್ಲಿ ಒಂದೊಂದನ್ನೇ ಹಾಕಿ ನೋಡಿ. ಮನೆಯ ಕಂಪ್ಯೂಟರಿನಲ್ಲಿರುವಂಥ ಸಾಮಾನ್ಯ ಎಟಿಎಕ್ಸ್ ಮಾದರಿಯದಾದರೆ ಅದನ್ನು ಬೋರ್ಡ್, ಡಿಸ್ಕ್ ಎಲ್ಲದರಿಂದ ಕಿತ್ತು, 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ತಂತಿಯನ್ನು ಒಂದು ಕಪ್ಪು ತಂತಿಗೆ ಕೂಡಿಸಿ, ಮೀಟರ್‌ನಲ್ಲಿ ಹಳದಿ ತಂತಿ 11.4ರಿಂದ 12.6 ವೋಲ್ಟ್ ಹಾಗೂ ಕೆಂಪು ತಂತಿ 4.75ರಿಂದ 5.25 ವೋಲ್ಟ್ ತೋರಿಸುತ್ತದೆಯೇ ಎಂದು ಅಳೆಯಬಹುದು. ಎಲ್ಲ ತಂತಿಗಳೂ ಕಪ್ಪಾಗಿರುವ ಮಾದರಿಯಲ್ಲಿ ಹಾಗೂ ಕಿಂಡಿಯಲ್ಲಿ ಜಾರಿಸಿ ಕೂರಿಸುವ ಸರ್ವರ್ ಸಪ್ಲೈಗಳಲ್ಲಿ ಈ ಪ್ರಯೋಗ ಮಾಡಬೇಡಿ. ಸರಿಯಿರುವ ಇನ್ನೊಂದನ್ನು ತಂದು ಹಾಕಿ ನೋಡುವುದೇ ಕ್ಷೇಮ.

ಲಕ್ಷಣ: ಒಂದು ಕ್ಷಣ ತಿರುಗಿ ಆರಿಹೋಗುತ್ತದೆ

ಎಲ್ಲೋ ಶಾರ್ಟ್ ಆಗಿದೆ ಎಂಬುದರ ಗುರುತು ಇದು. ಕ್ಯಾಬಿನೆಟ್‌ನ ತಳದಲ್ಲಿ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಗಿಡ್ಡ ಕಾಲುಗಳಿರುತ್ತವೆ. ಹಳೆಯ ಬೋರ್ಡಿಗೆ ಬೇಕಿದ್ದ ಒಂದು ಕಾಲು ಹೊಸದರಲ್ಲಿ ರಂಧ್ರವಿಲ್ಲದ ಜಾಗಕ್ಕೆ ಬಂದರೆ ಅದರ ತಲೆ ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗುತ್ತದೆ. ಬೋರ್ಡನ್ನು ಹೊರತೆಗೆದು ಕಾಲು ಮತ್ತು ರಂಧ್ರಗಳ ಲೆಕ್ಕ ತಾಳೆ ನೋಡಿ, ಹೆಚ್ಚಿನದನ್ನು ಬಿಚ್ಚಿಬಿಡಿ. ಕೈಜಾರಿದ ಸ್ಕ್ರೂ ಎಲ್ಲಾದರೂ ಬಿದ್ದಿದೆಯೇ ಎಂದೂ ನೋಡಿ. ನಮ್ಮ ಕಡೆ ಸ್ಕ್ರೂವಿಗಿಂತ ಹೆಚ್ಚಾಗಿ ಸಿಗುವುದು ಒಣಗಿದ ಹಲ್ಲಿ ಮತ್ತು ಇರುವೆಗೂಡು. ಬೆಚ್ಚಗಿರುವ ಸರ್ವರ್ ಒಳಗೆ ಮಳೆಗಾಲದಲ್ಲಿ ಅವು ಸೇರಿಕೊಳ್ಳುವುದು ಹೊಸ ಸಂಗತಿಯೇನಲ್ಲ.

ಬೋರ್ಡನ್ನು ದಪ್ಪ ರಟ್ಟಿನ ಮೇಲಿಟ್ಟು ಪ್ರೊಸೆಸರ್, ಅದರ ಕೂಲರ್ ಮತ್ತು ಒಂದೇ ಮೆಮೊರಿ ಪಟ್ಟಿಯೊಂದಿಗೆ ಚಾಲೂ ಮಾಡಿ. ಅಲ್ಲಿ ನಿಲ್ಲದೆ ಓಡಿದರೆ ಶಾರ್ಟ್ ಕ್ಯಾಬಿನೆಟ್‌ನಲ್ಲಿದೆ. ಬೋರ್ಡ್ ಬಂದ ಬೆಳ್ಳಿಬಣ್ಣದ ಚೀಲದ ಮೇಲಿಟ್ಟು ಈ ಪರೀಕ್ಷೆ ಮಾಡಬಾರದು. ಆ ಚೀಲದ ಹೊರಮೈ ವಿದ್ಯುತ್ತನ್ನು ಸ್ವಲ್ಪಮಟ್ಟಿಗೆ ಹರಿಸುತ್ತದೆ. ಸುಟ್ಟ ವಾಸನೆ ಬಂದರೆ ಎರಡನೆಯ ಬಾರಿ ಗುಂಡಿ ಒತ್ತದೆ ಅಲ್ಲಿಗೆ ನಿಲ್ಲಿಸಿ.

ಲಕ್ಷಣ: ಫ್ಯಾನ್ ಓಡುತ್ತದೆ, ಪರದೆ ಕಪ್ಪು

ಹೊಸ ಬೋರ್ಡ್ ಮೊದಲ ಬಾರಿ ಎದ್ದಾಗ ಪ್ರತಿ ಮೆಮೊರಿ ಪಟ್ಟಿಯ ವೇಗ ಮತ್ತು ಸಮಯವನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಮೆಮೊರಿ ಹೆಚ್ಚಿದ್ದಷ್ಟೂ ಇದಕ್ಕೆ ಹೊತ್ತು ಬೇಕು, ಡಿಡಿಆರ್5 ಆದರಂತೂ ಹಲವು ನಿಮಿಷಗಳೇ ಹಿಡಿಯುತ್ತವೆ, ನಡುವೆ ಯಂತ್ರ ತಾನಾಗಿ ಆರಿ ಏಳುವುದೂ ಉಂಟು. ಆದ್ದರಿಂದ ಒಂದು ಕಾಲು ಗಂಟೆ ಮುಟ್ಟದೆ ಬಿಡಿ. ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದ್ದೀರಿ ಎಂಬುದನ್ನೂ ನೋಡಿ: ಸರ್ವರ್ ಬೋರ್ಡಿನ ಮೊದಲ ಚಿತ್ರ ಸಾಮಾನ್ಯವಾಗಿ ಬೋರ್ಡಿನದೇ ವಿಜಿಎ ಕಿಂಡಿಯಲ್ಲಿ ಬರುತ್ತದೆ, ಸೇರಿಸಿದ ಗ್ರಾಫಿಕ್ಸ್ ಕಾರ್ಡಿನಲ್ಲಿ ಅಲ್ಲ.

ಆಮೇಲೆ ನೋಡಬೇಕಾದದ್ದು ಪ್ರೊಸೆಸರ್‌ನ ಪ್ರತ್ಯೇಕ ವಿದ್ಯುತ್ ಕನೆಕ್ಟರ್. 24 ಪಿನ್ನಿನದು ದೊಡ್ಡದಾಗಿರುವುದರಿಂದ ಯಾರೂ ಮರೆಯುವುದಿಲ್ಲ. 8 ಪಿನ್ನಿನದು ಬೋರ್ಡಿನ ಮೂಲೆಯಲ್ಲಿ, ಕೂಲರ್‌ನ ನೆರಳಿನಲ್ಲಿ ಅಡಗಿರುತ್ತದೆ. ಅದನ್ನು ಚುಚ್ಚದೆ ಗುಂಡಿ ಒತ್ತಿದರೆ ಫ್ಯಾನ್‌ಗಳು ಭರ್ಜರಿಯಾಗಿ ತಿರುಗುತ್ತವೆ, ಪ್ರೊಸೆಸರ್ ಮಾತ್ರ ಸತ್ತಂತೆ ಇರುತ್ತದೆ. ಎರಡು ಪ್ರೊಸೆಸರ್‌ನ ಬೋರ್ಡಿನಲ್ಲಿ ಇಂಥವು ಎರಡು ಇರುತ್ತವೆ.

ನಂತರ ಮೆಮೊರಿ. ಎಲ್ಲ ಪಟ್ಟಿಗಳನ್ನು ತೆಗೆದು, ಒಂದನ್ನು ಮಾತ್ರ ಕೈಪಿಡಿ ಮೊದಲನೆಯದೆಂದು ಹೇಳುವ ಕಿಂಡಿಯಲ್ಲಿ ಎರಡೂ ಬದಿ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಆ ಕಿಂಡಿ ಬೋರ್ಡಿನಿಂದ ಬೋರ್ಡಿಗೆ ಬೇರೆ. ಹಳೆಯದರಲ್ಲಿ ಇದ್ದ ಜಾಗವೇ ಇಲ್ಲೂ ಸರಿ ಎಂದುಕೊಳ್ಳುವಂತಿಲ್ಲ. ರಿಜಿಸ್ಟರ್ಡ್ ಮೆಮೊರಿ (ಸರ್ವರ್‌ಗೆಂದೇ ಮಾಡಿದ ಬಗೆ) ಬೇಡುವ ಬೋರ್ಡಿಗೆ ಸಾಮಾನ್ಯ ಮೆಮೊರಿ ಹಾಕಿದರೆ ಅಥವಾ ಎರಡನ್ನೂ ಬೆರೆಸಿದರೆ ಪರದೆ ಬರುವುದಿಲ್ಲ. ಹಳೆಯ ಪಟ್ಟಿಗಳ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಒಣಗಿಸಿ ಹಾಕಿ. ಶಾಲೆಯ ರಬ್ಬರಿನಿಂದ ಉಜ್ಜುವ ರೂಢಿ ನಮ್ಮ ರಿಪೇರಿ ಮೇಜುಗಳಲ್ಲೆಲ್ಲ ಇದೆ. ತೆಳುವಾದ ಲೇಪವನ್ನು ಅದು ಸವೆಸುತ್ತದೆ, ಲೇಪ ಸವೆದಲ್ಲಿ ನಮ್ಮ ಗಾಳಿ ಇನ್ನೂ ಬೇಗ ತಿನ್ನುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ಒಪ್ಪುವುದಿಲ್ಲ.

ಬೀಪ್ ಶಬ್ದ ಅಥವಾ ಎರಡಂಕಿಯ ಸಣ್ಣ ಸೂಚನಾ ಫಲಕ ಇದ್ದರೆ ಅದನ್ನು ಬರೆದುಕೊಂಡು ಆ ಬೋರ್ಡಿನದೇ ಕೈಪಿಡಿಯಲ್ಲಿ ಅರ್ಥ ನೋಡಿ. ಒಂದು ತಯಾರಕರ ಸಂಕೇತ ಇನ್ನೊಬ್ಬರಿಗೆ ಹೊಂದುವುದಿಲ್ಲ. ಬಿಎಂಸಿಗೆ ಜಾಲದ ಕೇಬಲ್ ಚುಚ್ಚಿ ಅದರ ದಾಖಲೆ ತೆರೆಯಲು ಬಂದರೆ ಇಷ್ಟು ಕಷ್ಟವೇ ಬೇಡ, ಯಾವ ಪಟ್ಟಿ ಅಥವಾ ಯಾವ ಪ್ರೊಸೆಸರ್ ತಕರಾರು ಮಾಡುತ್ತಿದೆ ಎಂದು ಬಹಳಷ್ಟು ಸಲ ಅದೇ ಹೇಳುತ್ತದೆ. ಪ್ರೊಸೆಸರ್ ಬೋರ್ಡಿಗಿಂತ ಹೊಸ ತಲೆಮಾರಿನದಾಗಿದ್ದರೆ ಬಯೋಸ್ ಹಳತಾಗಿ ಅದನ್ನು ಗುರುತಿಸದೆ ಇರಬಹುದು. ಬಿಎಂಸಿ ಮೂಲಕವೇ ಬಯೋಸ್ ನವೀಕರಿಸುವ ಸೌಲಭ್ಯ ಹಲವು ಬೋರ್ಡ್‌ಗಳಲ್ಲಿದೆ.

ಇಷ್ಟರಲ್ಲೂ ಬಗೆಹರಿಯದಿದ್ದರೆ ಕೊನೆಗೆ ಪ್ರೊಸೆಸರ್ ಎತ್ತಿ ಸಾಕೆಟ್ ನೋಡಬೇಕು. ಮೊಬೈಲಿನ ಟಾರ್ಚನ್ನು ಸಾಕೆಟ್‌ಗೆ ಸಮತಲವಾಗಿ, ಒಂದು ಬದಿಯಿಂದ ಹಿಡಿದು, ಇನ್ನೊಂದು ಮೊಬೈಲಿನ ಕ್ಯಾಮೆರಾವನ್ನು ಹಿಗ್ಗಿಸಿ ಸಾಲುಸಾಲಾಗಿ ನೋಡುತ್ತ ಹೋಗಿ. ಸರಿಯಿರುವ ಪಿನ್‌ಗಳ ತುದಿಗಳೆಲ್ಲ ಒಂದೇ ದಿಕ್ಕಿಗೆ ಒಂದೇ ಬಗೆಯಲ್ಲಿ ಮಿನುಗುತ್ತವೆ. ಬಾಗಿದ ಪಿನ್ ಆ ಸಾಲಿನಲ್ಲಿ ಕತ್ತಲ ಚುಕ್ಕೆಯಾಗಿ ಅಥವಾ ಬೇರೆ ಕೋನದ ಹೊಳಪಾಗಿ ಕಾಣುತ್ತದೆ. ಕಂಡರೆ ಮುಟ್ಟಬೇಡಿ. ಸೂಜಿ ಹಿಡಿದು ನೆಟ್ಟಗೆ ಮಾಡಲು ಹೋದವರು ಪಕ್ಕದ ಎರಡನ್ನು ಮುರಿಯುತ್ತಾರೆ, ವಾರಂಟಿಯೂ ಅಲ್ಲಿಗೆ ಮುಗಿಯುತ್ತದೆ. ಸೂಕ್ಷ್ಮದರ್ಶಕದಡಿ ಕೆಲಸ ಮಾಡುವ ಚಿಪ್ ಮಟ್ಟದ ರಿಪೇರಿಯವರಿಗೆ ಬಿಡಬೇಕಾದ ಕೆಲಸ ಅದು. ಪ್ರೊಸೆಸರ್ ಮರಳಿ ಕೂರಿಸುವಾಗ ಅದಕ್ಕೂ ಕೂಲರ್‌ಗೂ ನಡುವಿನ ಹಳೆಯ ಶಾಖವಾಹಕ ಪೇಸ್ಟ್ ಪೂರ್ತಿ ಒರೆಸಿ ಹೊಸದನ್ನು ಹಾಕಬೇಕು.

ಲಕ್ಷಣ: ಲಾಂಛನ ಬರುತ್ತದೆ, ‘ಬೂಟ್ ಡಿವೈಸ್ ಇಲ್ಲ’ ಎನ್ನುತ್ತದೆ

ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕ್ ಸಿಗಲಿಲ್ಲ ಎಂದು ಇದರ ಅರ್ಥ. ಬೋರ್ಡ್ ಬದಲಿಸಿದವರು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಈ ಹೊತ್ತಿನಲ್ಲಿ ಗಾಬರಿಯಾಗಿ ಆಪರೇಟಿಂಗ್ ಸಿಸ್ಟಂ ಮರುಸ್ಥಾಪಿಸಲು ಹೋಗುವುದು ಅನಗತ್ಯ, ಅಪಾಯಕಾರಿ ಕೂಡ.

ಈಗ ಯಂತ್ರ ಆರಿಸಿ ಡಿಸ್ಕುಗಳನ್ನು ಮೊದಲಿನ ಕಿಂಡಿಗಳಿಗೇ ಒಳದೂಡಿ, ಬಯೋಸ್‌ಗೆ ಹೋಗಿ ದಿನಾಂಕ ಮತ್ತು ಸಮಯವನ್ನು ಸರಿಪಡಿಸಿ. ಪ್ರತಿ ಸಲ ತಂತಿ ಕಿತ್ತಾಗಲೂ ಅದು ತಪ್ಪಿಹೋದರೆ ಬೋರ್ಡಿನ ಮೇಲಿನ ಸಿಆರ್2032 ಗುಂಡಿ ಬ್ಯಾಟರಿ ಬದಲಿಸಬೇಕು. 3 ವೋಲ್ಟ್‌ನ ಆ ಬ್ಯಾಟರಿ ಗೋದಾಮಿನಲ್ಲಿ ಕೂತೇ ಇಳಿದಿರಬಹುದು. ಅದೇ ಪರದೆಯಲ್ಲಿ ಡಿಸ್ಕುಗಳ ಪಟ್ಟಿ ನೋಡಿ. ಒಂದೂ ಕಾಣದಿದ್ದರೆ ಡಿಸ್ಕ್ ಕಿಂಡಿಗಳ ಹಿಂದಿನ ಬ್ಯಾಕ್‌ಪ್ಲೇನ್‌ಗೆ ಹೋಗುವ ಡೇಟಾ ಕೇಬಲ್ ಅಥವಾ ಅದರ ವಿದ್ಯುತ್ ತಂತಿ ಸಡಿಲವಾಗಿದೆ, ಇಲ್ಲವೇ ರೇಡ್ ಕಾರ್ಡನ್ನು (ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಕಾರ್ಡ್) ಬೋರ್ಡ್ ಗುರುತಿಸಿಲ್ಲ. ಎರಡು ಸಾಕೆಟ್‌ನ ಬೋರ್ಡಿನಲ್ಲಿ ಒಂದೇ ಪ್ರೊಸೆಸರ್ ಇದ್ದರೆ ಎರಡನೆಯದಕ್ಕೆ ಸೇರಿದ ಸ್ಲಾಟ್‌ಗಳು ಕೆಲಸ ಮಾಡುವುದಿಲ್ಲ. ಕಾರ್ಡನ್ನು ಮೊದಲನೆಯದರ ಸ್ಲಾಟ್‌ಗೆ ಬದಲಿಸಿ ನೋಡಿ.

ಡಿಸ್ಕ್ ಕಾಣುತ್ತಿದ್ದೂ ಬೂಟ್ ಆಗದಿದ್ದರೆ ಮೂರು ಸೆಟ್ಟಿಂಗ್‌ಗಳನ್ನು ಹಳೆಯ ಬೋರ್ಡಿನಲ್ಲಿ ಹೇಗಿದ್ದವೋ ಹಾಗೆ ತರಬೇಕು. ಸಾಟಾ ಕ್ರಮ (ಡಿಸ್ಕುಗಳ ಜತೆ ಬೋರ್ಡ್ ವ್ಯವಹರಿಸುವ ಮೋಡ್) ಎಎಚ್‌ಸಿಐ ಇತ್ತೋ ರೇಡ್ ಇತ್ತೋ ಎಂಬುದು ಒಂದು. ಬೂಟ್ ಕ್ರಮ (ಮೋಡ್) ಹೊಸ ಬಗೆಯ ಯುಇಎಫ್‌ಐ ಇತ್ತೋ ಹಳೆಯ ಬಗೆಯ ಲೆಗಸಿ ಇತ್ತೋ ಎಂಬುದು ಇನ್ನೊಂದು. ನೆನಪಿಲ್ಲದಿದ್ದರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಲೈವ್ ಚಾಲೂ ಮಾಡಿ, ಏನನ್ನೂ ಬರೆಯದೆ, ಡಿಸ್ಕಿನ ವಿಭಾಗಗಳನ್ನು ಮಾತ್ರ ನೋಡಿ: ಜಿಪಿಟಿ ಎಂಬ ಹೊಸ ಬಗೆಯ ವಿಭಜನೆಯೂ ಇಎಫ್‌ಐ ಹೆಸರಿನ ಸಣ್ಣ ವಿಭಾಗವೂ ಇದ್ದರೆ ಅದು ಯುಇಎಫ್‌ಐ ಸ್ಥಾಪನೆ, ಎಂಬಿಆರ್ ಎಂಬ ಹಳೆಯ ಬಗೆಯ ವಿಭಜನೆ ಇದ್ದರೆ ಬಹುತೇಕ ಲೆಗಸಿ. ಇತ್ತೀಚಿನ ಹಲವು ಬೋರ್ಡ್‌ಗಳಲ್ಲಿ ಲೆಗಸಿ ಕ್ರಮವೇ ಇಲ್ಲದಿರುವುದರಿಂದ ಹಳೆಯ ಸ್ಥಾಪನೆಯನ್ನು ಪರಿವರ್ತಿಸಬೇಕಾಗಬಹುದು, ಡಿಸ್ಕಿನ ಪೂರ್ಣ ಪ್ರತಿ ತೆಗೆದಿಡದೆ ಅದಕ್ಕೆ ಕೈ ಹಾಕಬೇಡಿ. ಮೂರನೆಯದು ಸೆಕ್ಯೂರ್ ಬೂಟ್. ಹೊಸ ಬೋರ್ಡಿನಲ್ಲಿ ಅದು ಚಾಲೂ ಇದ್ದು, ನಿಮ್ಮ ಬೂಟ್‌ಲೋಡರ್‌ಗೆ (ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ) ಮಾನ್ಯ ಸಹಿ ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತದೆ.

ಯುಇಎಫ್‌ಐ ವಿಷಯದಲ್ಲಿ ಇನ್ನೊಂದು ಮಾತು. ಯಾವ ಡಿಸ್ಕಿನ ಯಾವ ಫೈಲಿನಿಂದ ಆರಂಭಿಸಬೇಕು ಎಂಬ ನಮೂದು ಡಿಸ್ಕಿನಲ್ಲಿ ಇರುವುದಿಲ್ಲ, ಬೋರ್ಡಿನ ಸ್ಮೃತಿಯಲ್ಲಿ ಇರುತ್ತದೆ. ಹಳೆಯ ಬೋರ್ಡಿನ ಜತೆ ಅದೂ ಹೋಯಿತು. ವಿಂಡೋಸ್ ಸಾಮಾನ್ಯವಾಗಿ ಎಲ್ಲ ಬೋರ್ಡ್‌ಗಳೂ ಹುಡುಕುವ ಗೊತ್ತಾದ ಜಾಗದಲ್ಲಿ ಬೂಟ್ ಫೈಲಿನ ಒಂದು ಪ್ರತಿ ಇಡುವುದರಿಂದ ತಾನಾಗಿ ಏಳುತ್ತದೆ. ಎಲ್ಲ ಲಿನಕ್ಸ್ ಸ್ಥಾಪನೆಗಳೂ ಹಾಗಿರುವುದಿಲ್ಲ. ಬಯೋಸ್‌ನಲ್ಲಿ ‘ಫೈಲಿನಿಂದ ಬೂಟ್ ಮಾಡು’ ಎಂಬ ಆಯ್ಕೆ ಇದ್ದರೆ ಇಎಫ್‌ಐ ವಿಭಾಗದೊಳಗೆ ನಿಮ್ಮ ಲಿನಕ್ಸ್ ಹೆಸರಿನ ಫೋಲ್ಡರ್ ತೆರೆದು ಅಲ್ಲಿನ ಶಿಮ್ ಅಥವಾ ಗ್ರಬ್ ಎಂಬ ಬೂಟ್‌ಲೋಡರ್ ಫೈಲನ್ನು ತೋರಿಸಿ. ಸಿಸ್ಟಂ ಎದ್ದ ಮೇಲೆ ಗ್ರಬ್ ಮರುಸ್ಥಾಪಿಸಿದರೆ ನಮೂದು ಶಾಶ್ವತವಾಗುತ್ತದೆ.

ರೇಡ್ ಇರುವಲ್ಲಿ ‘ಫಾರಿನ್ ಕಾನ್ಫಿಗರೇಶನ್’ ಎಂಬ ಸೂಚನೆ ಬಂದರೆ ಹೆದರಬೇಕಿಲ್ಲ. ಬೋರ್ಡಿನ ಜತೆಗೇ ಬಂದ ಹೊಸ ನಿಯಂತ್ರಕವು ಡಿಸ್ಕುಗಳ ಮೇಲೆ ತನ್ನದಲ್ಲದ ರೇಡ್ ವಿವರವನ್ನು ಕಂಡಿದೆ ಎಂದಷ್ಟೇ ಇದರ ಅರ್ಥ. ‘ಇಂಪೋರ್ಟ್’ ಆರಿಸಬೇಕು, ‘ಕ್ಲಿಯರ್’ ಆರಿಸಿದರೆ ಆ ವಿವರ ಅಳಿಸುತ್ತದೆ. ಇಂಪೋರ್ಟ್‌ಗೆ ಮುನ್ನ ಎಲ್ಲ ಡಿಸ್ಕುಗಳೂ ಪಟ್ಟಿಯಲ್ಲಿವೆಯೇ ಎಂದು ಎಣಿಸಿ. ಒಂದು ಕಾಣೆಯಾಗಿದ್ದರೆ ಕೇಬಲ್ ನೋಡಿ, ಎರಡು ಕಾಣೆಯಾಗಿದ್ದರೆ ಯಂತ್ರ ಆರಿಸಿ ಡೇಟಾ ಮರುಪಡೆಯುವವರನ್ನು ಕರೆಯಿರಿ. ಬೋರ್ಡಿನ ಚಿಪ್‌ನಿಂದಲೇ ರೇಡ್ ಕಟ್ಟಿದ್ದು ಹೊಸ ಬೋರ್ಡ್ ಬೇರೆ ತಯಾರಕರ ಚಿಪ್‌ನದಾದರೆ ಅದು ಆ ವಿವರವನ್ನು ಓದಲಾರದು. ಆಗ ಡಿಸ್ಕುಗಳನ್ನು ಬಿಡಿಬಿಡಿಯಾಗಿ ಬೂಟ್ ಮಾಡಲು ಯತ್ನಿಸುವುದು ಜೋಡಿಯನ್ನು ಶಾಶ್ವತವಾಗಿ ಬೇರೆ ಮಾಡುವ ದಾರಿ.

ಲಕ್ಷಣ: ಸಿಸ್ಟಂ ಆರಂಭವಾಗಿ ನಡುವೆ ನಿಲ್ಲುತ್ತದೆ

ವಿಂಡೋಸ್ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ತೋರಿಸಿದರೆ ಡಿಸ್ಕ್ ನಿಯಂತ್ರಕಕ್ಕೆ ಹೊಂದುವ ಡ್ರೈವರ್ ಸಿಕ್ಕಿಲ್ಲ; ಹೆಚ್ಚಿನ ಸಲ ಮೇಲೆ ಹೇಳಿದ ಸಾಟಾ ಕ್ರಮವನ್ನು ಮರಳಿ ಹೊಂದಿಸಿದರೆ ಮುಗಿಯಿತು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ಕೀ ಕೇಳಿದರೆ ಅದು ದೋಷವಲ್ಲ, ಬೀಗದ ಗುಟ್ಟು ಹಳೆಯ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿ ಉಳಿದಿರುವುದರ ಪರಿಣಾಮ. ಆ ಕೀ ಡೊಮೈನ್‌ನ (ಕಚೇರಿಯ ಯಂತ್ರ ಮತ್ತು ಖಾತೆಗಳನ್ನು ಒಟ್ಟಿಗೆ ನಿರ್ವಹಿಸುವ ವಿಂಡೋಸ್ ವ್ಯವಸ್ಥೆ) ಆಕ್ಟಿವ್ ಡೈರೆಕ್ಟರಿಯಲ್ಲಿ, ಮೈಕ್ರೊಸಾಫ್ಟ್ ಖಾತೆಯಲ್ಲಿ ಅಥವಾ ಮುದ್ರಿಸಿಟ್ಟ ಕಾಗದದಲ್ಲಿ ಇರಬೇಕು. ಕೀ ಎಲ್ಲೂ ಇಲ್ಲದಿದ್ದರೆ ಬ್ಯಾಕಪ್ ಹೊರತು ಬೇರೆ ದಾರಿಯಿಲ್ಲ, ತೆರೆದುಕೊಡುತ್ತೇವೆ ಎನ್ನುವವರ ಕೈಗೆ ಹಣ ಕೊಡಬೇಡಿ.

ಲಿನಕ್ಸ್ ತುರ್ತು ಪ್ರಾಂಪ್ಟ್‌ಗೆ ಬಿದ್ದರೆ, ರೆಡ್‌ಹ್ಯಾಟ್ ಬಳಗದ ವಿತರಣೆಗಳಲ್ಲಿ ಗ್ರಬ್ ಪಟ್ಟಿಯ ಕೊನೆಯಲ್ಲಿರುವ ‘ರೆಸ್ಕ್ಯೂ’ ಸಾಲಿನಿಂದ ಚಾಲೂ ಮಾಡಿ. ಸಾಮಾನ್ಯ ಆರಂಭಿಕ ಚಿತ್ರದಲ್ಲಿ (ಲಿನಕ್ಸ್ ಏಳುವಾಗ ಮೊದಲು ಓದುವ ಇನಿಟ್‌ರಾಮ್‌ಎಫ್‌ಎಸ್ ಫೈಲು) ಹಳೆಯ ಯಂತ್ರಕ್ಕೆ ಬೇಕಿದ್ದ ಡ್ರೈವರ್ ಮಾತ್ರ ಇರುತ್ತದೆ, ರೆಸ್ಕ್ಯೂನಲ್ಲಿ ವ್ಯಾಪಕವಾಗಿ ಎಲ್ಲವೂ ಇರುತ್ತವೆ. ಅದರಿಂದ ಎದ್ದರೆ ಡ್ರಾಕಟ್ ಎಂಬ ಸಾಧನ ಬಳಸಿ ಆರಂಭಿಕ ಚಿತ್ರವನ್ನು ಹೊಸದಾಗಿ ಕಟ್ಟಿ.

ಲಕ್ಷಣ: ಸರ್ವರ್ ಎದ್ದಿದೆ, ಯಾರಿಗೂ ಸಿಗುತ್ತಿಲ್ಲ

ಹೊಸ ಬೋರ್ಡಿನ ನೆಟ್‌ವರ್ಕ್ ಕಿಂಡಿಗಳ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ಬೇರೆ. ಲಿನಕ್ಸ್‌ನಲ್ಲಿ ಕಿಂಡಿಯ ಹೆಸರೂ ಬದಲಾಗಿ ಹಳೆಯ ಐಪಿ ಸೆಟ್ಟಿಂಗ್, ಈಗ ಇಲ್ಲವಾದ ಕಿಂಡಿಗೆ ಅಂಟಿಕೊಂಡಿರುತ್ತದೆ. ವಿಂಡೋಸ್‌ನಲ್ಲಿ ಅದು ಕಣ್ಣಿಗೆ ಕಾಣದ ಹಳೆಯ ಅಡಾಪ್ಟರ್‌ನ ಮೇಲೆ ಉಳಿದಿರುತ್ತದೆ. ಐಪಿಯನ್ನು ಹೊಸದಕ್ಕೆ ಕೊಟ್ಟು, ರೂಟರ್‌ನಲ್ಲಿ ಮ್ಯಾಕ್ ಆಧಾರಿತ ಕಾಯ್ದಿರಿಸುವಿಕೆ ಇದ್ದರೆ ಅಲ್ಲಿಯೂ ತಿದ್ದಿ. ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ತಪ್ಪಿದ್ದರೆ ಡೊಮೈನ್ ಲಾಗಿನ್ ಆಗುವುದಿಲ್ಲ. ವರ್ಚುವಲ್ ಯಂತ್ರಗಳು ಏಳದಿದ್ದರೆ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆರಿರಬಹುದು. ಲೆಕ್ಕಪತ್ರದ ತಂತ್ರಾಂಶ ಪರವಾನಗಿ ಇಲ್ಲವೆಂದರೆ ಯಂತ್ರದ ಗುರುತು ಬದಲಾದದ್ದೇ ಕಾರಣ, ಮಾರಿದವರಿಂದ ಮರುಸಕ್ರಿಯಗೊಳಿಸಿಕೊಳ್ಳಬೇಕು.

ಡೆಲ್, ಎಚ್‌ಪಿಇ ಮಾದರಿಗಳಲ್ಲಿ ಯಂತ್ರದ ಸರ್ವಿಸ್ ಟ್ಯಾಗ್ ಅಥವಾ ಸೀರಿಯಲ್ ಸಂಖ್ಯೆಯನ್ನು ಹೊಸ ಬೋರ್ಡಿಗೆ ಕೊಡಬೇಕಾಗುತ್ತದೆ. ಹೊರಗಿನ ಚೀಟಿ ನೋಡಿ ಒಂದೊಂದೇ ಅಕ್ಷರ ತಾಳೆ ಹಾಕಿ ಬರೆಯಿರಿ, ತಪ್ಪಿದರೆ ಆಮೇಲೆ ತಿದ್ದುವುದು ಕಷ್ಟ.

ಲಕ್ಷಣ: ಕೆಲವು ಗಂಟೆ ಓಡಿ ತಾನಾಗಿ ಆರುತ್ತದೆ

ಬಿಎಂಸಿಯಲ್ಲಿ ಪ್ರೊಸೆಸರ್ ಉಷ್ಣತೆ ಏರುತ್ತಿದ್ದರೆ ಕೂಲರ್ ಸಮನಾಗಿ ಕೂತಿಲ್ಲ ಅಥವಾ ಗಾಳಿ ತಿರುಗಿಸುವ ಪ್ಲಾಸ್ಟಿಕ್ ಹೊದಿಕೆಯನ್ನು ಹಾಕಿಲ್ಲ. ಉಷ್ಣತೆ ಸರಿಯಿದ್ದೂ ಹೀಗಾದರೆ ಗೋಡೆಯ ಕಡೆ ತಿರುಗಬೇಕು. ನಮ್ಮ ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೀರುಂಡಾಗ ಅರ್ಥಿಂಗ್ ಚೆನ್ನಾಗಿರುತ್ತದೆ. ಮಾರ್ಚ್ ಬರುವಷ್ಟರಲ್ಲಿ ಒಣಗಿ ಅದರ ಪ್ರತಿರೋಧ ಏರುತ್ತದೆ, ಸಿಡಿಲಿನ ಕಾಲ ಎದುರಾಗುವುದೂ ಆಗಲೇ. ಪ್ಲಗ್ಗಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್‌ಗಿಂತ ಹೆಚ್ಚು ಇದೆಯೇ ಎಂದು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಅಳೆಸಿ, ಅರ್ಥಿಂಗ್ ಗುಂಡಿಗೆ ನೀರು ಹಾಕುವ ವ್ಯವಸ್ಥೆ ಮಾಡಿಸಿ. ಇದನ್ನು ಬಿಟ್ಟು ಬೋರ್ಡ್ ಮಾತ್ರ ಬದಲಿಸಿದವರು ಮುಂದಿನ ಮೇ ತಿಂಗಳಲ್ಲಿ ಇನ್ನೊಂದು ಬೋರ್ಡಿಗೆ ಹಣ ಹೊಂದಿಸಬೇಕಾದೀತು.

ವಾಪಸ್ ಕಳಿಸುವುದೇ ಆದರೆ

ಒಂದೇ ಮೆಮೊರಿ, ಸರಿಯೆಂದು ಗೊತ್ತಿರುವ ಪವರ್ ಸಪ್ಲೈ, ಸಾಕೆಟ್ ಸರಿಯಿದೆ ಎಂಬ ಖಾತರಿ ಇವೆಲ್ಲ ಇದ್ದೂ ಪರದೆ ಬರದಿದ್ದರೆ ಬೋರ್ಡ್ ದೋಷಪೂರಿತ ಎನ್ನಲು ಆಧಾರವಿದೆ. ಕಳಿಸುವ ಮುನ್ನ ಸಾಕೆಟ್‌ನ ಫೋಟೊ ತೆಗೆದು, ಬಂದಾಗ ಇದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಸಾಕೆಟ್ ಮೇಲೆ ಹಾಕಿಯೇ ಕಟ್ಟಬೇಕು. ಅದಿಲ್ಲದ ಬೋರ್ಡನ್ನು ಹಲವು ತಯಾರಕರು ವಾರಂಟಿಯಲ್ಲಿ ಸ್ವೀಕರಿಸುವುದಿಲ್ಲ. ಬದಲಿ ಬೋರ್ಡ್ ಮಳೆಯ ದಿನ ಬಂದರೆ ಡಬ್ಬಿಯನ್ನು ಕೋಣೆಯೊಳಗೆ ಕೆಲವು ಗಂಟೆ ತೆರೆಯದೆ ಇಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲೆ ಬಿಚ್ಚಿ. ಹಳೆಯ ಬೋರ್ಡನ್ನು, ಸತ್ತದ್ದೇ ಆದರೂ, ಹೊಸದು ಸ್ಥಿರವಾಗಿ ಓಡಿ ಬ್ಯಾಕಪ್ ಒಮ್ಮೆ ಪೂರ್ತಿಯಾಗುವ ತನಕ ಗುಜರಿಗೆ ಹಾಕಬೇಡಿ.